‘ಇತರೆ’ ಫೋಲ್ಡರಿನ ಟಿಕ್ ತೆಗೆದ ಮೇಲೆ

ನಮ್ಮ ಸ್ಟುಡಿಯೋದ ಕಂಪ್ಯೂಟರಿನಲ್ಲಿ ಸತ್ತವರಿಗೆ ಅಂತ ಒಂದು ಫೋಲ್ಡರ್ ಇರಲಿಲ್ಲ. ಮದುವೆಗೆ ಇತ್ತು, ನಿಶ್ಚಿತಾರ್ಥಕ್ಕೆ ಇತ್ತು, ಮೆಹಂದಿಗೆ ಇತ್ತು. ಕ್ರಿಶ್ಚಿಯನ್ ಮದುವೆಯ ಮುಂಚಿನ ದಿನ ತೆಂಗಿನ ಹಾಲು ಹಚ್ಚುವ ರೋಸಿಗೆ, ಮಗುವಿನ ನಾಮಕರಣಕ್ಕೆ, ಗೃಹಪ್ರವೇಶಕ್ಕೆ, ಕೊನೆಗೆ ನಾಯಿಮರಿಯ ಹುಟ್ಟುಹಬ್ಬಕ್ಕೂ ಒಂದು ಇತ್ತು. ಮರಣದ ವಿಡಿಯೋಗಳು ಮಾತ್ರ ‘ಇತರೆ’ ಎಂಬ ಫೋಲ್ಡರಿನೊಳಗೆ ಹಳೆಯ ಬ್ಯಾನರುಗಳು, ಯಾರದ್ದೋ ಪಾಸ್‌ಪೋರ್ಟ್ ಫೋಟೋಗಳು, ಕ್ಯಾಮರಾ ಪರೀಕ್ಷಿಸಲು ತೆಗೆದ ಗೋಡೆಯ ಚಿತ್ರಗಳ ನಡುವೆ ಬಿದ್ದುಕೊಂಡಿದ್ದವು.

ಇದು ಮಾಲಕರ ನಿಯಮ. ಹಿಂದೊಮ್ಮೆ ಮದುಮಗಳ ಕಡೆಯವರು ಆಲ್ಬಮ್ಮಿಗೆ ಫೋಟೋ ಆರಿಸಲು ಬಂದು ಕೂತಿದ್ದಾಗ ಸ್ಕ್ರೀನಿನ ಮೇಲೆ ಪಕ್ಕದ ಫೋಲ್ಡರಿನ ಶವಪೆಟ್ಟಿಗೆ ಕಾಣಿಸಿಕೊಂಡು, ಹುಡುಗಿಯ ಅಜ್ಜಿ ಎದ್ದು ಹೊರಗೆ ನಡೆದರಂತೆ. ಆ ಆರ್ಡರು ಕೈತಪ್ಪಿತು. ಅಂದಿನಿಂದ ಮರಣದ ಕೆಲಸವನ್ನು ಮದುವೆಯ ಹತ್ತಿರ ಇಡುವಂತಿಲ್ಲ, ಫೋಲ್ಡರಿಗೆ ಆ ಹೆಸರು ಕೊಡುವಂತೆಯೂ ಇಲ್ಲ. “ಅಪಶಕುನ ಅಂತ ಅಲ್ಲ ಮಾರಾಯ್ತಿ, ಇದು ಬಿಸಿನೆಸ್” ಎನ್ನುತ್ತಿದ್ದರು. ಅಪಶಕುನವೂ ಹೌದೆಂದು ನಮಗೆಲ್ಲ ಗೊತ್ತಿತ್ತು. ಬೆಳಿಗ್ಗೆ ಬಂದು ದೇವರ ಪಟಕ್ಕೆ ಹಚ್ಚಿದ ಊದುಬತ್ತಿಯನ್ನು ಕಂಪ್ಯೂಟರುಗಳಿಗೂ ತೋರಿಸುವ ಮನುಷ್ಯ ಅವರು.

ನಾನು ಅಲ್ಲಿ ಎಡಿಟರ್. ಪಂಪ್‌ವೆಲ್ ಫ್ಲೈಓವರಿಗೆ ಮುಖ ಮಾಡಿದ ಕಟ್ಟಡದ ಮೇಲಿನ ಮಹಡಿ. ಕಿಟಕಿ ತೆರೆದರೆ ಬಸ್ಸುಗಳ ಹಾರ್ನು, ಮುಚ್ಚಿದರೆ ಸೆಕೆ. ಎಡಿಟಿಂಗಿನ ಜೊತೆಗೆ ಫೈಲುಗಳನ್ನು ಕಾಪಾಡಿಕೊಳ್ಳುವ ಕೆಲಸವೂ ನನ್ನ ತಲೆಗೆ ಬಂದಿತ್ತು. ಅದು ಒಂದು ಕೆಲಸವೆಂದು ಉಳಿದ ಯಾರಿಗೂ ಅನಿಸದೆ ಇದ್ದದ್ದೇ ಅದಕ್ಕೆ ಕಾರಣ.

ಮರಣದ ವಿಡಿಯೋ ಎಂದರೆ ಹೊರಗಿನವರಿಗೆ ವಿಚಿತ್ರವೆನಿಸಬಹುದು. ನಮ್ಮ ಊರಿನಲ್ಲಿ ಅದು ಮಾಮೂಲು. ಮನೆಗೊಬ್ಬರು ಗಲ್ಫಿನಲ್ಲಿ ಇರುತ್ತಾರೆ, ಎಲ್ಲರಿಗೂ ರಜೆ ಸಿಗುವುದಿಲ್ಲ, ಸಿಕ್ಕಿದರೂ ವಿಮಾನ ಸಿಗುವುದಿಲ್ಲ. ಅವರಿಗಾಗಿ ನಮ್ಮ ಕ್ಯಾಮರಾದವರು ಮೊದಲು ಮನೆಗೆ, ಅಲ್ಲಿಂದ ಚರ್ಚಿಗೆ, ಆಮೇಲೆ ಸಿಮೆಟ್ರಿಗೆ ಹೋಗುತ್ತಾರೆ. ಚರ್ಚಿನ ಭಾಗ ಲೈವ್ ಹೋಗುತ್ತದೆ. ಉಳಿದದ್ದನ್ನು ನಾನು ಚಿಕ್ಕದು ಮಾಡಿ ಪೆನ್‌ಡ್ರೈವಿನಲ್ಲಿ ಕೊಡುತ್ತೇನೆ. ಮನೆಯ ಭಾಗದಲ್ಲಿ ಸದ್ದು ಬಹಳ. ಕಾಗೆ, ಮೊಬೈಲು, ಪ್ಲಾಸ್ಟಿಕ್ ಕುರ್ಚಿ ಎಳೆಯುವುದು. ಆದ್ದರಿಂದ ಅಲ್ಲಿಯ ಸೌಂಡ್ ಪೂರ್ತಿ ತೆಗೆದು ಪಿಟೀಲಿನ ಒಂದು ಟ್ರ್ಯಾಕ್ ಹಾಕುವುದು ನಮ್ಮ ಸ್ಟುಡಿಯೋದ ಪದ್ಧತಿ. ಎಲ್ಲ ಮನೆಗಳಿಗೂ ಅದೇ ಪಿಟೀಲು.

ದೀಪಾವಳಿಯ ಹೊತ್ತಿಗೆ ನಮ್ಮ ಒಂದು ಡಿಸ್ಕ್ ಹಾಳಾಯಿತು. ಅದರಲ್ಲಿದ್ದ ಮದುವೆಯೊಂದು ಅದೃಷ್ಟಕ್ಕೆ ಬೇರೆ ಕಡೆಯೂ ಇತ್ತು, ಬಚಾವಾದೆವು. ಮಾಲಕರು ಹೆದರಿ ಕ್ಲೌಡ್ ತೆಗೆದುಕೊಂಡರು. ಸಣ್ಣ ಪ್ಲಾನು. ಕ್ಲೌಡ್ ಎಂದರೆ ನಮ್ಮ ಫೈಲುಗಳ ಇನ್ನೊಂದು ಪ್ರತಿ ಇಂಟರ್‌ನೆಟ್ಟಿನ ಮೂಲಕ ಹೋಗಿ ದೂರದ ಯಾವುದೋ ಕಂಪ್ಯೂಟರಿನಲ್ಲಿ ಕೂರುವುದು. ಇಲ್ಲಿ ಹೊಸದು ಸೇರಿಸಿದರೆ ಅಲ್ಲಿಯೂ ಸೇರುತ್ತದೆ, ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಇದೇ ಸಿಂಕ್. ಯಾವ ಫೋಲ್ಡರುಗಳು ಎರಡೂ ಕಡೆ ಇರಬೇಕೆಂದು ಸ್ಕ್ರೀನಿನ ಮೇಲಿನ ಒಂದು ಕಿಟಕಿಯಲ್ಲಿ ಟಿಕ್ ಹಾಕಿ ಹೇಳಬೇಕು. ನಾನು ಮೊದಲಿಗೆ ಎಲ್ಲದಕ್ಕೂ ಟಿಕ್ ಹಾಕಿದೆ. ಮೊದಲ ತಿಂಗಳುಗಳಲ್ಲಿ ಜಾಗ ಸಾಕಾಯಿತು.

ಕ್ರಿಸ್ಮಸ್ ಕಳೆಯಿತು. ಗಲ್ಫಿನವರೆಲ್ಲ ಊರಿಗೆ ಬಂದು ಒಂದರ ಮೇಲೊಂದು ಮದುವೆಗಳು ಶುರುವಾದವು. ದಿನಾ ಮೆಮೊರಿ ಕಾರ್ಡುಗಟ್ಟಲೆ ಶೂಟಿಂಗ್ ಬಂದು ಬೀಳುತ್ತಿತ್ತು. ಒಂದು ಬೆಳಿಗ್ಗೆ ಕ್ಲೌಡಿನ ಗುರುತು ಕೆಂಪಾಗಿ, ಜಾಗ ಮುಗಿದಿದೆ, ಸಿಂಕ್ ನಿಂತಿದೆ ಎಂದು ತೋರಿಸಿತು. ಆ ದಿನ ದೊಡ್ಡ ಪಾರ್ಟಿಯೊಂದರ ಮದುವೆಯ ವಿಡಿಯೋ ಕ್ಲೌಡಿಗೆ ಹೋಗುವುದಿತ್ತು. ಮಾಲಕರು ನನ್ನ ಕುರ್ಚಿಯ ಹಿಂದೆ ಬಂದು ನಿಂತರು.

“ಎಂತ ಉಂಟು ಅದರಲ್ಲಿ ಬೇಡದ್ದು? ತೆಗೆ.”

“ಬೇಡದ್ದು ಅಂತ ಎಂತದೂ ಇಲ್ಲ ಸರ್. ದೊಡ್ಡ ಪ್ಲಾನಿಗೆ ಹೋಗ್ಬೇಕು.”

“ದೊಡ್ಡ ಪ್ಲಾನ್ ಸೀಸನ್ ಮುಗಿದ ಮೇಲೆ ನೋಡುವ. ಈ ‘ಇತರೆ’ ಎಂತದು, ಇಷ್ಟು ದೊಡ್ಡದು?”

“ಅದರಲ್ಲಿ ಮರಣದ್ದೆಲ್ಲ ಉಂಟು.”

ಅವರು ಬಾಗಿಲ ಕಡೆ ನೋಡಿದರು. ಗಿರಾಕಿ ಯಾರೂ ಇರಲಿಲ್ಲ. ದನಿ ತಗ್ಗಿಸಿ, “ಅದನ್ನು ಎಡಿಟ್ ಮಾಡಿ ಪೆನ್‌ಡ್ರೈವ್ ಕೊಟ್ಟಾಗಿದೆಯಲ್ಲ? ಮತ್ತೆ ಯಾರು ಕೇಳ್ತಾರೆ ಅದನ್ನು? ಮದುವೆಯದ್ದಾದ್ರೆ ಇನ್ನೊಂದು ಆಲ್ಬಮ್ ಬೇಕು ಅಂತ ಬರ್ತಾರೆ. ಸತ್ತವರದ್ದು ಎರಡನೇ ಸಲ ಯಾರಿಗೆ ಬೇಕು? ಟಿಕ್ ತೆಗೆ” ಎಂದರು.

ನಾನು ವಿವರಿಸಿದೆ. ಟಿಕ್ ತೆಗೆದರೆ ಆ ಫೋಲ್ಡರ್ ನಮ್ಮ ಕಂಪ್ಯೂಟರಿನಿಂದ ಹೋಗುತ್ತದೆ, ಕ್ಲೌಡಿನಲ್ಲಿ ಮಾತ್ರ ಉಳಿಯುತ್ತದೆ. ಇದರಿಂದ ಡಿಸ್ಕಿನಲ್ಲಿ ಜಾಗ ಆಗುತ್ತದೆಯೇ ಹೊರತು ಕ್ಲೌಡಿನಲ್ಲಿ ಆಗುವುದಿಲ್ಲ. ಕ್ಲೌಡಿನಲ್ಲಿ ಜಾಗ ಬೇಕಾದರೆ ಅಲ್ಲಿಂದ ಅಳಿಸಬೇಕು, ಅದಕ್ಕೆ ಮೊದಲು ಎಲ್ಲವನ್ನೂ ಹೊರಗಿನ ಒಂದು ಡಿಸ್ಕಿಗೆ ತೆಗೆದಿಡಬೇಕು. ಖಾಲಿ ಡಿಸ್ಕ್ ಒಂದೇ ಇತ್ತು, ಅದು ಅಂದೇ ಮದುವೆಗೆ ಹೊರಟಿತ್ತು. “ಅದು ಬಂದ ಮೇಲೆ ಕಾಪಿ ಮಾಡು. ಈಗ ಟಿಕ್ ತೆಗೆ, ಡಿಸ್ಕಿನಲ್ಲೂ ಜಾಗ ಬೇಕಲ್ಲ” ಎಂದರು. ನಾನು ಟಿಕ್ ತೆಗೆದೆ. ‘ಇತರೆ’ ಕಣ್ಣೆದುರಿನಿಂದ ಮಾಯವಾಯಿತು. ಕ್ಲೌಡಿನಲ್ಲಿ ಇದೆ ಎಂದು ವೆಬ್‌ಸೈಟಿನಲ್ಲಿ ನೋಡಿ ಖಾತ್ರಿ ಮಾಡಿಕೊಂಡು ಮದುವೆಯ ಕೆಲಸಕ್ಕೆ ತಿರುಗಿದೆ.

ಡಿಸ್ಕ್ ವಾಪಸ್ ಬಂದಾಗ ಅದರ ಹೊಟ್ಟೆ ತುಂಬಿತ್ತು. ಮತ್ತೊಂದು ಡಿಸ್ಕ್ ಕೇಳಿದೆ, ನೋಡುವ ಎಂದರು. ಮರುವಾರ ಮತ್ತೆ ಕೇಳಿದೆ, ಮತ್ತೆ ನೋಡುವ. ಒಂದು ದಿನ ಕ್ಲೌಡಿನ ಕೆಂಪು ಗುರುತು ತಾನಾಗಿ ಹಸಿರಾಯಿತು. ಸಿಂಕ್ ಸಲೀಸಾಗಿ ಓಡಲು ಶುರುವಾಯಿತು. ಮಾಲಕರು ಪ್ಲಾನ್ ಹೆಚ್ಚಿಸಿದರು ಅಂತ ನಾನು ತಿಳಿದುಕೊಂಡೆ, ಒಳ್ಳೆಯ ಬುದ್ಧಿ ಬಂತು ಎಂದು ಖುಷಿಪಟ್ಟೆ.

ಈಸ್ಟರಿಗೆ ಮುಂಚಿನ ಕ್ರಿಶ್ಚಿಯನ್ನರ ತಪಸ್ಸಿನ ಕಾಲ ಬಂದರೆ ಅವರಲ್ಲಿ ಮದುವೆ ಇಲ್ಲ. ನಮಗೆ ಅದು ಬಿಡುವಿನ ಕಾಲ. ಅಂಥ ಒಂದು ಮಧ್ಯಾಹ್ನ ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದರು. ಶಕ್ತಿನಗರದವರು, ಕುವೈತಿನಲ್ಲಿ ನರ್ಸ್. ಮಳೆಗಾಲದಲ್ಲಿ ತೀರಿಕೊಂಡ ಅವರ ತಾಯಿಯ ವಿಡಿಯೋ ಮಾಡಿದ್ದು ನಾವೇ. ಆಗ ರಜೆ ಸಿಗದೆ ಅವರು ಬಂದಿರಲಿಲ್ಲ, ಪೆನ್‌ಡ್ರೈವನ್ನು ಅವರ ಅಣ್ಣ ತೆಗೆದುಕೊಂಡು ಹೋಗಿದ್ದರು. ಈಗ ತಂದೆಗೆ ಸ್ಟ್ರೋಕ್ ಆಗಿದೆ ಎಂದು ಓಡಿ ಬಂದಿದ್ದರು.

“ನಿಮ್ಮ ವಿಡಿಯೋ ತುಂಬ ಸಲ ನೋಡಿದ್ದೇನೆ,” ಎಂದರು. “ಮನೆಯಲ್ಲಿ ಪೆಟ್ಟಿಗೆ ಮುಚ್ಚುವ ಮೊದಲು ಪಪ್ಪ ಮಮ್ಮಿಯ ಹತ್ತಿರ ಬಗ್ಗಿ ಎಂತದೋ ಹೇಳ್ತಾರೆ. ಬಾಯಿ ಅಲ್ಲಾಡುದು ಕಾಣ್ತದೆ. ಆದ್ರೆ ಅಲ್ಲಿ ನೀವು ಪಿಟೀಲು ಹಾಕಿದ್ದೀರಿ.”

“ಹೌದು, ಮನೆಯ ಭಾಗಕ್ಕೆ ನಾವು…”

“ತೊಂದರೆ ಇಲ್ಲ, ಚಂದ ಉಂಟು. ಎಡಿಟ್ ಮಾಡದ್ದು ಇರ್ತದಲ್ಲ ನಿಮ್ಮ ಹತ್ತಿರ, ಸೌಂಡ್ ಇರುವಂಥದ್ದು? ಅದು ಬೇಕಿತ್ತು.” ಎದುರಿನ ಕುರ್ಚಿಯಲ್ಲಿ ಕೂತು ಮುಂದುವರಿಸಿದರು. “ಪಪ್ಪನನ್ನೇ ಕೇಳುವ ಅಂತ ಇದ್ದೆ, ಬಂದಾಗ. ಈಗ ಅವರಿಗೆ ಮಾತು ಇಲ್ಲ. ಹೇಳಿದ್ದು ಅರ್ಥ ಆಗ್ತದೆ, ಮಾತಾಡ್ಲಿಕ್ಕೆ ಆಗುದಿಲ್ಲ. ಪೆನ್ ಹಿಡಿಲಿಕ್ಕೂ ಆಗುದಿಲ್ಲ. ಹತ್ತಿರ ನಿಂತವರನ್ನೆಲ್ಲ ಕೇಳಿದೆ. ಅಣ್ಣ ಪ್ರಾರ್ಥನೆ ಹೇಳಿದ್ರು ಅಂತಾನೆ. ಆಂಟಿ ಕ್ಷಮೆ ಕೇಳಿದ್ರು ಅಂತಾರೆ. ಯಾರಿಗೂ ಸರಿ ಗೊತ್ತಿಲ್ಲ.”

ಸಿಗುತ್ತದೆ, ನಾಳೆ ಬನ್ನಿ ಎಂದೆ. ನಾನು ಹಾಗೆ ಹೇಳಿದ್ದು ನಂಬಿಕೆಯಿಂದಲೇ.

ಅವರು ಇಳಿದು ಹೋದ ಮೇಲೆ ಕ್ಲೌಡ್ ತೆರೆದೆ. ‘ಇತರೆ’ ಇರಲಿಲ್ಲ. ಅಳಿಸಿದ್ದು ಹೋಗಿ ಬೀಳುವ ಕಸದ ಬುಟ್ಟಿ ತೆರೆದೆ. ಅದೂ ಖಾಲಿ. ಮಾಲಕರಿಗೆ ಫೋನ್ ಮಾಡಿದರೆ ಏನೂ ಆಗಿಲ್ಲವೆಂಬಂತೆ ಹೇಳಿದರು. “ಅದು ನಾನು ಮೊಬೈಲಿನಲ್ಲೇ ಡಿಲೀಟ್ ಮಾಡಿದೆ ಮಾರಾಯ್ತಿ, ಆವಾಗಲೇ. ಡಿಲೀಟ್ ಮಾಡಿದ್ರೂ ಜಾಗ ಆಗ್ಲಿಲ್ಲ, ಮತ್ತೆ ಟ್ರ್ಯಾಶ್ ಖಾಲಿ ಮಾಡು ಅಂತ ಅದೇ ಹೇಳಿತು, ಮಾಡಿದೆ. ನೀನು ಹೇಗೂ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದಿಯಲ್ಲ?”

ನಾನು ಕ್ಲೌಡಿನಲ್ಲಿ ಇದೆ ಎಂದು ನಂಬಿದ್ದೆ, ಅವರು ಕಂಪ್ಯೂಟರಿನಲ್ಲಿ ಇದೆ ಎಂದು ನಂಬಿದ್ದರು. ಟಿಕ್ ತೆಗೆದ ದಿನ ನಾನು ಅಷ್ಟು ಹೊತ್ತು ವಿವರಿಸಿದ್ದು ಅವರ ಕಿವಿಗೆ ಬಿದ್ದಿರಲೇ ಇಲ್ಲ. ಫೋನ್ ಇಟ್ಟು ಕೆಲಸಕ್ಕೆ ಕೂತೆ.

ಅಳಿಸಿದ ಫೈಲು ಡಿಸ್ಕಿನಿಂದ ತಕ್ಷಣ ಹೋಗುವುದಿಲ್ಲ. ಅದರ ಜಾಗ ಖಾಲಿಯಾಗಿದೆ ಎಂದು ಕಂಪ್ಯೂಟರ್ ಗುರುತು ಮಾಡಿಕೊಳ್ಳುತ್ತದೆ ಅಷ್ಟೆ. ಮೇಲೆ ಬೇರೆ ಏನಾದರೂ ಬಂದು ಕೂರುವವರೆಗೆ ಹಳೆಯದು ಅಲ್ಲೇ ಇರುತ್ತದೆ. ಆದ್ದರಿಂದ ಮೊದಲು ಆ ಡಿಸ್ಕಿನ ಮೇಲೆ ಏನನ್ನೂ ಬರೆಯದಂತೆ ಅದನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿದೆ. ಅಳಿಸಿದ್ದನ್ನು ಹುಡುಕುವ ಸಾಫ್ಟ್‌ವೇರ್ ಹಾಕಿ ಸ್ಕ್ಯಾನಿಗೆ ಬಿಟ್ಟೆ. ಸಂಜೆಯ ಹೊತ್ತಿಗೆ ಹೆಸರುಗಳು ಒಂದೊಂದಾಗಿ ಮೇಲೆ ಬಂದವು. ಆ ತಾಯಿಯ ಫೋಲ್ಡರ್ ಹೆಸರೂ ಬಂತು, ಒಳಗಿನ ಕ್ಲಿಪ್ಪುಗಳ ಹೆಸರೂ ಬಂದವು. ಮನೆಯ ಭಾಗದ ಕ್ಲಿಪ್ ಯಾವುದೆಂದು ಗುರುತಿಸಿ ಬೇರೆ ಡಿಸ್ಕಿಗೆ ಎಳೆದು ತೆರೆದೆ.

ಡೋಲು, ಬಣ್ಣದ ದೀಪ, ಒಬ್ಬ ಮದುಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಣಿಯುವ ಗೆಳೆಯರು. ಹೆಸರು ಆ ತಾಯಿಯದು, ಒಳಗಿರುವುದು ಜನವರಿಯ ಯಾರದೋ ಮೆಹಂದಿ. ಒಂದೊಂದಾಗಿ ಎಲ್ಲವನ್ನೂ ತೆರೆದು ನೋಡಿದೆ. ಕೆಲವು ತೆರೆಯಲೇ ಇಲ್ಲ, ಕೆಲವು ಬೂದು ಬಣ್ಣದ ಪಟ್ಟಿ ತೋರಿಸಿ ನಿಂತವು, ಉಳಿದವೆಲ್ಲ ಕುಣಿತ. ಆ ಸೀಸನ್ನಿನ ಮದುವೆಗಳು ಖಾಲಿ ಜಾಗದಲ್ಲಿ ಬಂದು ಕೂತುಬಿಟ್ಟಿದ್ದವು. ಆ ಜಾಗ ಖಾಲಿ ಮಾಡಿಕೊಟ್ಟವರು ನಾವೇ.

ಕ್ಯಾಮರಾದವರ ಮೆಮೊರಿ ಕಾರ್ಡುಗಳನ್ನೂ ತರಿಸಿ ನೋಡಿದೆ. ಆ ಮಳೆಗಾಲದಿಂದ ಈಚೆಗೆ ಅವು ಎಷ್ಟು ಸಲ ಫಾರ್ಮ್ಯಾಟ್ ಆಗಿದ್ದವೋ. ನನ್ನ ಎಡಿಟಿಂಗ್ ಪ್ರಾಜೆಕ್ಟ್ ಫೈಲು ಒಂದು ಉಳಿದಿತ್ತು, ಆದರೆ ಅದರಲ್ಲಿ ವಿಡಿಯೋ ಇರುವುದಿಲ್ಲ. ಯಾವ ಕ್ಲಿಪ್ಪನ್ನು ಎಲ್ಲಿ ಕತ್ತರಿಸಿದೆವು ಎಂಬ ಲೆಕ್ಕ ಮಾತ್ರ. ತೆರೆದರೆ ಪ್ರತಿ ಕ್ಲಿಪ್ಪಿನ ಜಾಗದಲ್ಲಿ ಫೈಲ್ ಸಿಗುತ್ತಿಲ್ಲ ಎಂಬ ಕೆಂಪು ಫಲಕ.

ಮರುದಿನ ಬೆಳಿಗ್ಗೆ ಮಾಲಕರು ಬಂದರು, ಎಂದಿನಂತೆ ಊದುಬತ್ತಿ ತೋರಿಸಿದರು, ಆಮೇಲೆ ನನ್ನ ಹತ್ತಿರ ಬಂದರು.

“ಸಿಗ್ಲಿಲ್ವಾ? ಹೋಗ್ಲಿ ಬಿಡು. ಡಿಸ್ಕ್ ಕ್ರ್ಯಾಶ್ ಆಯ್ತು ಅಂತ ಹೇಳು. ನಮ್ಮ ಡಿಸ್ಕ್ ಒಂದು ಹೋದದ್ದು ನಿಜವೇ ಅಲ್ವಾ?”

“ಅದು ಬೇರೆ ಡಿಸ್ಕ್ ಸರ್. ಅದು ಹೋದದ್ದು ಮೊದಲು.”

“ಅವರಿಗೆ ಎಂತ ಗೊತ್ತಾಗ್ತದೆ ಯಾವ ಡಿಸ್ಕ್ ಅಂತ? ಕ್ರ್ಯಾಶ್ ಅಂದ್ರೆ ಎಲ್ಲರಿಗೂ ಅರ್ಥ ಆಗ್ತದೆ, ಯಾರೂ ಜಗಳ ಮಾಡುದಿಲ್ಲ. ನಾವೇ ತೆಗೆದದ್ದು ಅಂದ್ರೆ ನಾಳೆ ಇಡೀ ಚರ್ಚಿಗೆ ಸುದ್ದಿ. ನಿಂಗೆ ಬೇಕಾ ಅದು?”

ಅವರ ಮಾತಿನಲ್ಲಿ ಯೋಚನೆ ಇತ್ತು, ಅನುಭವವೂ ಇತ್ತು. ಕ್ರ್ಯಾಶ್ ಎಂದರೆ ದೇವರ ಕೆಲಸ, ಯಾರ ತಪ್ಪೂ ಅಲ್ಲ. ನಾನೂ ಒಪ್ಪಿಕೊಂಡೆ. ಬಾಯಲ್ಲಿ ಆ ವಾಕ್ಯವನ್ನು ಒಂದೆರಡು ಸಲ ಹೇಳಿ ನೋಡಿಕೊಂಡೆ.

ಮಧ್ಯಾಹ್ನ ನರ್ಸ್ ಬಂದರು. ಕೈಯಲ್ಲಿ ಹೊಸ ಪೆನ್‌ಡ್ರೈವ್, ಪ್ಯಾಕೆಟ್ಟಿನಿಂದ ಇನ್ನೂ ತೆಗೆದಿರಲಿಲ್ಲ. ಸಾಲದು ಅಂತ ಬೇಕರಿಯಿಂದ ಒಂದು ಕೇಕಿನ ಡಬ್ಬಿ ಬೇರೆ ತಂದಿದ್ದರು, ಹುಡುಕುವ ತೊಂದರೆ ಕೊಟ್ಟದ್ದಕ್ಕೆ ಎಂದು. ಅದನ್ನು ನನ್ನ ಕೀಬೋರ್ಡಿನ ಪಕ್ಕ ಇಟ್ಟರು. ನನಗೆ ಸುಳ್ಳು ಹೇಳಲು ಆಗಲಿಲ್ಲ. ಇದರಲ್ಲಿ ನನ್ನ ದೊಡ್ಡಸ್ತಿಕೆ ಏನೂ ಇಲ್ಲ. ಆ ಡಬ್ಬಿ ಅಲ್ಲಿ ಇಲ್ಲದಿದ್ದರೆ ಬಹುಶಃ ಹೇಳಿಬಿಡುತ್ತಿದ್ದೆ.

“ಸಿಸ್ಟರ್, ಅದು ಇಲ್ಲ,” ಎಂದೆ. “ಡಿಸ್ಕ್ ಹಾಳಾದದ್ದಲ್ಲ. ಕ್ಲೌಡಿನಲ್ಲಿ ಜಾಗ ಸಾಕಾಗಲಿಲ್ಲ. ಯಾವುದು ಇಡುದು, ಯಾವುದು ತೆಗೆಯುದು ಅಂತ ನೋಡುವಾಗ ಮದುವೆಯದ್ದೆಲ್ಲ ಇಟ್ಟು ಇದನ್ನು ತೆಗೆದೆವು.”

ಅವರು ಪೆನ್‌ಡ್ರೈವಿನ ಪ್ಯಾಕೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಜಾಗ ಇಲ್ಲದಿದ್ರೆ ನಂಗೆ ಒಂದು ಮೆಸೇಜ್ ಹಾಕ್ಬಹುದಿತ್ತಲ್ಲ ನೀವು,” ಎಂದರು. “ನಂಬರ್ ಇತ್ತು ನಿಮ್ಮ ಹತ್ತಿರ. ನಾನು ತೆಗೊಂಡು ಇಟ್ಟುಕೊಳ್ತಿದ್ದೆ.”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಇಷ್ಟು ಸುಲಭದ ಕೆಲಸ ನಮ್ಮಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ. ನಂಬರ್ ಇತ್ತು, ಹೌದು. ಕ್ರಿಸ್ಮಸ್ಸಿಗೆ ಸ್ಟುಡಿಯೋದ ಹೆಸರು ಹಾಕಿದ ಶುಭಾಶಯದ ಚಿತ್ರವನ್ನು ಅದೇ ನಂಬರಿಗೆ ನಾನೇ ಕಳಿಸಿದ್ದೆ.

ಅವರು ಹೋಗಲು ಎದ್ದವರು ಬಾಗಿಲ ಹತ್ತಿರ ನಿಂತು ಕೇಳಿದರು. “ನೀವು ಆ ಪಿಟೀಲು ಹಾಕುವಾಗ ಪಪ್ಪನ ಸೌಂಡ್ ಎಲ್ಲಿ ಹೋಗ್ತದೆ? ಅದನ್ನು ಬೇರೆ ತೆಗೆದು ಇಡ್ತೀರಾ?”

ಇಲ್ಲ, ಅದು ಮ್ಯೂಟ್ ಆಗ್ತದೆ ಅಷ್ಟೆ, ಎಂದೆ. ಹೇಳುತ್ತಿರುವಾಗಲೇ ನೆನಪಾಯಿತು. ಎಡಿಟಿಂಗ್ ಸಾಫ್ಟ್‌ವೇರಿಗೆ ಒಂದು ಅಭ್ಯಾಸ ಉಂಟು. ಕ್ಲಿಪ್ಪನ್ನು ಒಳಗೆ ತಂದ ಕೂಡಲೇ ತನ್ನ ಅನುಕೂಲಕ್ಕೆ ಅದರ ಸೌಂಡಿನ ಒಂದು ದೊಡ್ಡ ಪ್ರತಿ ಮಾಡಿ ಬೇರೆ ಕಡೆ ಇಟ್ಟುಕೊಳ್ಳುತ್ತದೆ. ಇಡುವುದು ಕಂಪ್ಯೂಟರಿನ ಮುಖ್ಯ ಡ್ರೈವಿನ ಒಂದು ಮೂಲೆಯಲ್ಲಿ. ನಮ್ಮ ಸಿಂಕಿನ ಕಿಟಕಿಯಲ್ಲಿ ಆ ಜಾಗದ ಹೆಸರೇ ಇರಲಿಲ್ಲ, ಆದ್ದರಿಂದ ಟಿಕ್ ಹಾಕುವ ಪ್ರಶ್ನೆಯೂ ಇರಲಿಲ್ಲ, ತೆಗೆಯುವ ಪ್ರಶ್ನೆಯೂ ಇರಲಿಲ್ಲ. ಅದನ್ನು ಆಗಾಗ ಖಾಲಿ ಮಾಡಬೇಕು ಎಂಬುದು ನಿಯಮ. ಸೀಸನ್ನಿನ ಗಡಿಬಿಡಿಯಲ್ಲಿ ಅದಕ್ಕೆ ಯಾರಿಗೂ ಪುರಸೊತ್ತು ಇರಲಿಲ್ಲ.

“ನಿಮ್ಮ ನಂಬರ್ ಉಂಟು ನನ್ನ ಹತ್ತಿರ,” ಎಂದೆ. “ನಾನು ಫೋನ್ ಮಾಡ್ತೇನೆ. ಆಗ್ತದೆ ಅಂತ ಹೇಳುದಿಲ್ಲ.”

ಅವರು ಇಳಿದ ಕೂಡಲೇ ಮಾಲಕರು ಒಳಗಿನ ಕೋಣೆಯಿಂದ ಬಂದರು. ಎಲ್ಲ ಕೇಳಿಸಿಕೊಂಡಿದ್ದರು. “ನಿನ್ನ ಬಾಯಿಗೆ ಬೀಗ ಇಲ್ವಾ? ನಾನು ಎಂತ ಹೇಳಿದ್ದು, ನೀನು ಎಂತ ಹೇಳಿದ್ದು?” ಎಂದು ಶುರು ಮಾಡಿ ಸಾಕಷ್ಟು ಹೇಳಿದರು. ನಾನೂ ಸುಮ್ಮನಿರಲಿಲ್ಲ. ಅಂದು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ. ಕೇಕನ್ನು ಇಬ್ಬರೂ ಮುಟ್ಟಲಿಲ್ಲ.

ಆ ಮೂಲೆಯನ್ನು ತೆರೆದರೆ ಸಾವಿರಾರು ಫೈಲುಗಳ ರಾಶಿ. ಕ್ಲಿಪ್ಪಿನ ಹೆಸರು, ಅದರ ಹಿಂದೆ ಉದ್ದುದ್ದ ಅಂಕಿಗಳು. ಕ್ಯಾಮರಾ ಕೊಡುವ ಹೆಸರುಗಳು ಮತ್ತೆ ಮತ್ತೆ ಅವೇ ಬರುತ್ತವೆ, ಆದ್ದರಿಂದ ಒಂದೇ ಹೆಸರಿನವು ಹತ್ತಾರು ಇದ್ದವು. ನನ್ನ ಪ್ರಾಜೆಕ್ಟ್ ಫೈಲಿನಲ್ಲಿ ಮನೆಯ ಕ್ಲಿಪ್ಪಿನ ಹೆಸರೂ ಉದ್ದವೂ ಇತ್ತು. ಸೌಂಡಿನ ಪ್ರತಿ ಎಷ್ಟು ದೊಡ್ಡದಿರಬೇಕೆಂದು ಆ ಉದ್ದದಿಂದ ಅಂದಾಜು ಮಾಡಿ, ಮಳೆಗಾಲದ ತಾರೀಕುಗಳನ್ನು ಮಾತ್ರ ಇಟ್ಟುಕೊಂಡು ಸೋಸುತ್ತ ಹೋದೆ. ಕೊನೆಗೆ ಒಂದು ಉಳಿಯಿತು.

ಅದನ್ನು ಸುಮ್ಮನೆ ತೆರೆಯಲು ಬರುವುದಿಲ್ಲ. ಯಾವ ಪ್ಲೇಯರೂ ಅದನ್ನು ಹಾಡು ಎಂದು ಒಪ್ಪುವುದಿಲ್ಲ. ಸೌಂಡ್ ತಿದ್ದುವ ಇನ್ನೊಂದು ಸಾಫ್ಟ್‌ವೇರಿಗೆ ಅದನ್ನು ಬರಿಯ ಅಂಕಿಗಳೆಂದು ಕೊಟ್ಟು, ಯಾವ ಕ್ರಮದಲ್ಲಿ ಓದಬೇಕೆಂದು ನಾವೇ ಊಹಿಸಿ ಹೇಳಬೇಕು. ಮೊದಲ ಊಹೆಗೆ ತಗಡಿನ ಮೇಲೆ ಜಲ್ಲಿ ಸುರಿದ ಸದ್ದು ಬಂತು. ಎರಡನೆಯದಕ್ಕೆ ಕಿವಿ ಹರಿಯುವ ಒಂದು ಕೀರಲು. ಆಯ್ಕೆಗಳನ್ನು ಒಂದೊಂದಾಗಿ ಬದಲಿಸಿದೆ. ಒಂದರಲ್ಲಿ ಜನರ ದನಿ ಬಂತು, ಆದರೆ ಎರಡು ಪಟ್ಟು ವೇಗದಲ್ಲಿ. ವೇಗ ಸರಿ ಮಾಡಿ ಮತ್ತೆ ಒತ್ತಿದೆ.

ಕಾಗೆ ಕೂಗಿತು. ಬಹಳ ಸ್ಪಷ್ಟವಾಗಿ, ಕಿಟಕಿಯ ಹೊರಗೇ ಕೂತಿದೆಯೋ ಎಂಬಂತೆ. ಹಿಂದೆಯೇ ಮಳೆಯ ಸದ್ದು, ಕುರ್ಚಿ ಎಳೆಯುವುದು, ಹೆಂಗಸರು ಒಟ್ಟಾಗಿ ಹೇಳುವ ಕೊಂಕಣಿಯ ಜಪ. ಯಾರೋ ಆ ತಾಯಿಯ ಹೆಸರು ಹಿಡಿದು ಅಳುತ್ತಿದ್ದರು. ಸರಿಯಾದ ಮನೆ. ನಾನು ಅಲ್ಲಿಗೇ ನಿಲ್ಲಿಸಿದೆ. ಮುಂದಿನದನ್ನು ಮೊದಲು ಕೇಳಬೇಕಾದವಳು ನಾನಲ್ಲ ಎನಿಸಿತು. ಮೊದಲೇ ಕೇಳಿದ್ದರೆ ಅವರನ್ನು ಕರೆಯುತ್ತಿದ್ದೆನೋ ಇಲ್ಲವೋ, ಈಗಲೂ ಹೇಳಲಾರೆ. ಖುಷಿಯಲ್ಲಿ ಅವರಿಗೆ ಫೋನ್ ಮಾಡಿದೆ.

ಅವರು ರಿಕ್ಷಾ ಹಿಡಿದು ಬಂದರು. ಹೆಡ್‌ಫೋನ್ ಕೊಟ್ಟರೆ ಬೇಡ ಎಂದರು. “ನಿಮಗೆ ಕೊಂಕಣಿ ಅರ್ಥ ಆಗ್ತದಲ್ಲ? ಸ್ಪೀಕರಿನಲ್ಲಿ ಹಾಕಿ. ನಂಗೆ ಒಂದು ಶಬ್ದ ತಪ್ಪಿದ್ರೆ ನೀವು ಹೇಳ್ಬಹುದು.” ಕಿಟಕಿ ಮುಚ್ಚಿದೆ, ಫ್ಯಾನ್ ನಿಲ್ಲಿಸಿದೆ. ಅವರು ಕುರ್ಚಿಯನ್ನು ಸ್ಪೀಕರಿನ ಹತ್ತಿರಕ್ಕೆ ಎಳೆದುಕೊಂಡು ಕೂತರು. ವಿಡಿಯೋ ಇಲ್ಲ, ಸ್ಕ್ರೀನಿನ ಮೇಲೆ ಸೌಂಡಿನ ಹಸಿರು ಗೆರೆ ಮಾತ್ರ ಮೇಲೆ ಕೆಳಗೆ ಆಡುತ್ತಿತ್ತು.

ಜಪ ಮುಗಿಯಿತು. ಹೆಜ್ಜೆಗಳ ಸದ್ದು, ಜನ ದಾರಿ ಬಿಟ್ಟದ್ದು ಗೊತ್ತಾಗುತ್ತಿತ್ತು. ಆಮೇಲೆ ಮುದುಕರೊಬ್ಬರ ದನಿ, ಮೆಲ್ಲಗೆ, ಹತ್ತಿರದಲ್ಲಿ.

“ಆಯ್ಕ್ ಗೊ.”

ಕೇಳೇ, ಎಂದು ಅರ್ಥ. ಹೆಂಡತಿಯನ್ನು ಅಡುಗೆಮನೆಯಿಂದ ಕರೆಯುವಾಗ ಹೇಳುವ ಹಾಗೆ ಹೇಳಿದರು. ಸ್ವಲ್ಪ ಬಿಟ್ಟು ಇನ್ನೊಮ್ಮೆ, “ಆಯ್ಕ್…”

“ಅಂಕಲ್, ಒಂಚೂರು ಈ ಕಡೆ ನೋಡಿ.” ಇದು ನಮ್ಮ ಕ್ಯಾಮರಾದವರು. ಮೈಕಿಗೆ ಅವರೇ ಹತ್ತಿರ, ಆದ್ದರಿಂದ ಸ್ಪೀಕರ್ ಒಡೆಯುವಷ್ಟು ಜೋರು. “ತಲೆ ಮೇಲೆ ಮಾಡಿ ಅಂಕಲ್, ಮುಖ ಬರ್ತಾ ಇಲ್ಲ. ಹಾಂ, ಹಾಗೆ. ಫ್ಯಾಮಿಲಿಯವರೆಲ್ಲ ಬನ್ನಿ ಈಗ, ಬೇಗ.”

“ಹಾಂ? ಸಾರಿ, ಸಾರಿ. ಆಯ್ತು,” ಎಂದರು ಆ ಮುದುಕರು, ಕನ್ನಡದಲ್ಲಿ.

ಅಷ್ಟೇ. ಮತ್ತೆ ಕುರ್ಚಿಗಳು, ಯಾರನ್ನೋ ಮುಂದೆ ಕರೆದದ್ದು, ಪಾದ್ರಿಯ ಪ್ರಾರ್ಥನೆ, ಮುಚ್ಚಳದ ಸದ್ದು. ಕ್ಲಿಪ್ ಮುಗಿಯುವವರೆಗೆ ಕಾದೆವು. ಆ ದನಿ ಮತ್ತೆ ಬರಲಿಲ್ಲ. ಬೇರೆ ಕ್ಲಿಪ್ಪಿನಲ್ಲಿ ಇರಬಹುದೇ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಪೆಟ್ಟಿಗೆ ಮುಚ್ಚಿಯಾಗಿತ್ತು.

ಕ್ಯಾಮರಾದವರು ಕೆಟ್ಟ ಮನುಷ್ಯರಲ್ಲ. ಮುಖ ಬರದಿದ್ದರೆ ಗಿರಾಕಿಗಳು ಕಂಪ್ಲೇಂಟ್ ಮಾಡುತ್ತಾರೆ, ಮಾಲಕರು ಬೈಯುತ್ತಾರೆ, ನಾನೂ ಎಷ್ಟೋ ಸಲ ಮುಖ ಸರಿ ಬಂದಿಲ್ಲ ಎಂದು ಅವರ ಜೊತೆ ಜಗಳ ಆಡಿದ್ದೇನೆ. ಆದರೂ ಆ ಕ್ಷಣಕ್ಕೆ ನನಗೆ ನಮ್ಮ ಇಡೀ ಉದ್ಯೋಗದ ಮೇಲೆ ಅಸಹ್ಯ ಹುಟ್ಟಿತು. ದೂರದಲ್ಲಿರುವವರು ನೋಡಲಿ ಎಂದು ಹೋದವರು ನಾವು. ನಾವು ಅಲ್ಲಿ ಇಲ್ಲದಿದ್ದರೆ ಆ ಮನುಷ್ಯ ತನ್ನ ಮಾತು ಮುಗಿಸುತ್ತಿದ್ದರು.

“ಆ ಕ್ಯಾಮರಾದವರ ಸ್ವರ ತೆಗೆದು ಕೊಡ್ತೇನೆ,” ಎಂದೆ. “ಪಪ್ಪನದ್ದು ಮಾತ್ರ ಇರುವ ಹಾಗೆ.”

“ಬೇಡ. ಪೂರ್ತಿ ಕೊಡಿ,” ಎಂದರು. “ಇನ್ನು ಯಾರೂ ಆರಿಸುದು ಬೇಡ.”

ಪೆನ್‌ಡ್ರೈವಿಗೆ ಕಾಪಿ ಆಗುತ್ತಿರುವಾಗ ಮಾಲಕರು ಬಂದರು. ಸಿಕ್ಕಿದೆ ಎಂದು ತಿಳಿದು ಅವರ ಮುಖ ಅರಳಿತು. “ನೋಡಿ ಸಿಸ್ಟರ್, ನಮ್ಮಲ್ಲಿ ಯಾವುದೂ ಹೋಗುದಿಲ್ಲ. ಸ್ವಲ್ಪ ಹುಡುಕ್ಬೇಕು ಅಷ್ಟೆ” ಎಂದರು. ನರ್ಸ್ ತಲೆಯಾಡಿಸಿ, ಥ್ಯಾಂಕ್ಸ್ ಹೇಳಿ, ಚೀಲ ಎತ್ತಿಕೊಂಡು ಹೋದರು.

ನಾನು ಅದೇ ಸಂಜೆ ಸಿಂಕಿನ ಕಿಟಕಿ ತೆರೆದು ‘ಮರಣ’ ಎಂದು ಹೆಸರಿಟ್ಟು ಒಂದು ಫೋಲ್ಡರ್ ಮಾಡಿದೆ, ಎಲ್ಲಕ್ಕಿಂತ ಮೇಲೆ ಬರುವಂತೆ ಮಾಡಿ ಟಿಕ್ ಹಾಕಿದೆ. ಅದರೊಳಗೆ ಇಡಲು ಏನೂ ಇರಲಿಲ್ಲ. ಮಾಲಕರು ಅದನ್ನು ನೋಡಿದರು. ಮರುವಾರ ನಾನು ನೋಡುವಾಗ ಅದರ ಹೆಸರು ಮತ್ತೆ ‘ಇತರೆ’ ಆಗಿತ್ತು.

ಕುವೈತಿಗೆ ಹೊರಡುವ ಮೊದಲು ನರ್ಸ್ ಫೋನ್ ಮಾಡಿದರು. ನಾನು ಮಣ್ಣಗುಡ್ಡದ ನಮ್ಮ ಮನೆಯಲ್ಲಿ ಬಟ್ಟೆ ಒಣಗಿಸುತ್ತಿದ್ದೆ.

“ಪಪ್ಪನಿಗೆ ಅದನ್ನು ಹಾಕಿ ಕೇಳಿಸಿದೆ,” ಎಂದರು. “ಅಣ್ಣ ಬೇಡ ಅಂದ. ಆದ್ರೆ ಅವರು ಮುಂದೆ ಎಂತ ಹೇಳ್ಲಿಕ್ಕಿದ್ರು ಅಂತ ಕಣ್ಣಿನಲ್ಲಾದ್ರೂ ಗೊತ್ತಾಗ್ಬಹುದಾ ಅಂತ ನಂಗೆ ಆಸೆ. ಅವರ ಸ್ವರ ಅವರಿಗೆ ಗುರ್ತ ಸಿಕ್ಕಿತು. ಆಯ್ಕ್ ಗೊ ಅನ್ನುವಾಗ ನನ್ನ ಮುಖವನ್ನೇ ನೋಡ್ತಾ ಇದ್ರು. ಮತ್ತೆ ನಿಮ್ಮ ಕ್ಯಾಮರಾದವರು ಮಾತಾಡಿದ್ರಲ್ಲ…”

ನಾನು ಹೂಂ ಎಂದೆ.

“ಆವಾಗ ಪಪ್ಪ ನನ್ನನ್ನು ಬಿಟ್ಟು ತಲೆ ಎತ್ತಿ ಎದುರಿನ ಗೋಡೆ ನೋಡಿದ್ರು. ಶರ್ಟಿನ ಕಾಲರ್ ಸರಿ ಮಾಡ್ಲಿಕ್ಕೆ ಹೋದ್ರು, ಕೈ ಏಳಲಿಲ್ಲ. ನಾನೇ ಸರಿ ಮಾಡಿದೆ.”